ಬೇಯದ ಕೇಕ್ ಮಿಶ್ರಣ ನೆಕ್ಕಬಹುದೇ? ಮೊಟ್ಟೆಯ ಜೊತೆ ಮೈದಾದ ಲೆಕ್ಕವೂ ಇರಲಿ

ಕೇಕಿನ ಮಿಶ್ರಣವನ್ನು ಟಿನ್ನಿಗೆ ಸುರಿದಾದ ಮೇಲೆ ಪಾತ್ರೆಯ ಅಂಚಿಗೂ ಸೌಟಿಗೂ ಅಂಟಿಕೊಂಡು ಉಳಿಯುವ ಒಂದೆರಡು ಚಮಚ ಯಾರ ಪಾಲಿಗೆ ಎಂಬ ಜಗಳ ಮಕ್ಕಳಿರುವ ಮನೆಗಳಿಗೆ ಹೊಸತಲ್ಲ. ಬೆಣ್ಣೆ, ಸಕ್ಕರೆ, ಕೋಕೋ ಕಲೆತ ಆ ಮಿಶ್ರಣವೇ ಬೆಂದ ಕೇಕಿಗಿಂತ ರುಚಿ ಎನ್ನುವ ದೊಡ್ಡವರೂ ಕಡಿಮೆಯಿಲ್ಲ. ಆದರೆ 2023ರ ಜನವರಿಯಲ್ಲಿ ಕೇರಳ, 2024ರ ಅಕ್ಟೋಬರ್ ಕೊನೆಯಲ್ಲಿ ತೆಲಂಗಾಣ, 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಹೀಗೆ ನೆರೆಯ ಮೂರು ರಾಜ್ಯಗಳು ಒಂದರ ಹಿಂದೊಂದು ಹಸಿ ಮೊಟ್ಟೆಯ ಮಯೊನೈಸನ್ನು ನಿಷೇಧಿಸಿದ ಮೇಲೆ, ಹಸಿ ಮೊಟ್ಟೆ ಎಂಬ ಮಾತೇ ಅಡುಗೆಮನೆಗಳಲ್ಲಿ ಅನುಮಾನ ಹುಟ್ಟಿಸತೊಡಗಿದೆ. ಮಯೊನೈಸಿನಲ್ಲಿರುವ ಮೊಟ್ಟೆ ಅಪಾಯವಾದರೆ ಕೇಕಿನ ಮಿಶ್ರಣದಲ್ಲಿರುವ ಮೊಟ್ಟೆ ಬೇರೆಯೇ? ಇದು ಮೊದಲ ಪ್ರಶ್ನೆ. ಮೊಟ್ಟೆಯನ್ನೇ ಹಾಕದೆ, ಮೊಸರು ಅಥವಾ ಕಂಡೆನ್ಸ್ಡ್ ಮಿಲ್ಕ್ ಹಾಕಿ ಮಾಡಿದ ಮಿಶ್ರಣವನ್ನು ನೆಕ್ಕಿದರೆ ತೊಂದರೆ ಏನು? ಇದು ಎರಡನೆಯದು. ನಮ್ಮ ಮಟ್ಟಿಗೆ ಎರಡನೆಯದೇ ಹೆಚ್ಚು ಮುಖ್ಯವಾದ ಪ್ರಶ್ನೆ, ಏಕೆಂದರೆ ಅದಕ್ಕೆ ಬಹುತೇಕರು ಕೊಟ್ಟುಕೊಳ್ಳುವ ಉತ್ತರ ತಪ್ಪು.

ನೇರ ಉತ್ತರ ಇಷ್ಟು: ಬೇಯದ ಕೇಕ್ ಮಿಶ್ರಣವನ್ನು ತಿನ್ನದಿರುವುದೇ ಕ್ಷೇಮ, ಅದರಲ್ಲಿ ಮೊಟ್ಟೆ ಇರಲಿ, ಇಲ್ಲದಿರಲಿ. ಒಮ್ಮೆ ಬೆರಳದ್ದಿ ನೆಕ್ಕಿದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಎಂಬುದೂ ಅಷ್ಟೇ ನಿಜ. ಈ ಎರಡು ಮಾತುಗಳು ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂಬುದನ್ನು ತಿಳಿಯಬೇಕಾದರೆ ಮಿಶ್ರಣದೊಳಗಿನ ಪದಾರ್ಥಗಳನ್ನು ಒಂದೊಂದಾಗಿ ನೋಡಬೇಕು. ಗೊಂದಲವಾಗದಿರಲೆಂದು ಈ ಲೇಖನದಲ್ಲಿ ಕಲಸಿದ ರೂಪವನ್ನು 'ಮಿಶ್ರಣ' ಎಂದೂ, ಡಬ್ಬಿಯಲ್ಲಿರುವ ಒಣ ಮೈದಾ ಅಥವಾ ಗೋಧಿ ಹಿಟ್ಟನ್ನು ಮಾತ್ರ 'ಹಿಟ್ಟು' ಎಂದೂ ಕರೆದಿದೆ.

ಪಾತ್ರೆಯಲ್ಲಿ ಹಸಿಯಾಗಿ ಉಳಿದದ್ದು ಯಾವುದು

ಪ್ಯಾಕೆಟ್ ಹಾಲು ಡೇರಿಯಲ್ಲಿ ಪಾಶ್ಚರೀಕರಣಗೊಂಡು ಬರುತ್ತದೆ. ಎಂದರೆ ಸುಮಾರು 72 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 15 ಸೆಕೆಂಡು ಇದ್ದು, ರೋಗ ತರುವ ಜೀವಿಗಳನ್ನು ಕಳೆದುಕೊಂಡಿರುತ್ತದೆ. ಮಾರುಕಟ್ಟೆಯ ಬೆಣ್ಣೆಯದೂ ಇದೇ ಹಾದಿ. ಕಂಡೆನ್ಸ್ಡ್ ಮಿಲ್ಕ್ ಎಂದರೆ ಕಾಯಿಸಿ ಗಟ್ಟಿ ಮಾಡಿದ ಹಾಲು. ಮನೆಯ ಮೊಸರು ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದ್ದು. ಕೋಕೋ ಪುಡಿ ಹುರಿದ ಬೀಜದಿಂದ ಬಂದದ್ದು. ಸಕ್ಕರೆ ಕುದಿದ ಕಬ್ಬಿನ ಹಾಲಿನಿಂದ ಆದದ್ದು. ಹೀಗೆ ಒಂದೊಂದನ್ನೂ ಬದಿಗಿಡುತ್ತ ಬಂದರೆ, ಬಿಸಿಯ ಹಂತವನ್ನು ದಾಟದೆ ಪಾತ್ರೆ ಸೇರಿದವು ಎರಡೇ ಎಂದು ಕಾಣುತ್ತದೆ. ಒಂದು ಮೊಟ್ಟೆ, ಇನ್ನೊಂದು ಹಿಟ್ಟು.

ಮೊಟ್ಟೆ: ಚಿಪ್ಪಿನ ಹೊರಗೂ ಒಳಗೂ

ಮೊಟ್ಟೆಯ ವಿಷಯದಲ್ಲಿ ಕೇಳಿಬರುವ ಹೆಸರು ಸಾಲ್ಮೊನೆಲ್ಲಾ. ಡೇನಿಯಲ್ ಸಾಲ್ಮನ್ ಎಂಬ ಅಮೆರಿಕದ ಪಶುವೈದ್ಯರಿಂದ ಈ ಬ್ಯಾಕ್ಟೀರಿಯಾ ಕುಟುಂಬಕ್ಕೆ ಆ ಹೆಸರು ಬಂತು. ನಮಗೆಲ್ಲ ಪರಿಚಿತವಾದ ಟೈಫಾಯಿಡ್ ಜ್ವರ ತರುವುದೂ ಇದೇ ಕುಟುಂಬದ ಒಂದು ಸದಸ್ಯ. ಆದರೆ ಅದು ಮನುಷ್ಯರಿಂದ ಮನುಷ್ಯರಿಗೆ, ಕೆಟ್ಟ ನೀರು ಮತ್ತು ಆಹಾರದ ಮೂಲಕ ಹರಡುವಂಥದ್ದು. ಕೋಳಿ ಮತ್ತು ಮೊಟ್ಟೆಯಲ್ಲಿ ಸಿಗುವ ಸದಸ್ಯರು ಬೇರೆ. ಅವು ಸಾಮಾನ್ಯವಾಗಿ ತರುವುದು ಜ್ವರ, ಹೊಟ್ಟೆನುಲಿತ, ವಾಂತಿ ಮತ್ತು ಭೇದಿ.

ಬ್ಯಾಕ್ಟೀರಿಯಾ ಮೊಟ್ಟೆಯನ್ನು ಸೇರುವುದು ಎರಡು ದಾರಿಗಳಲ್ಲಿ. ಚಿಪ್ಪಿಗೆ ಅಂಟಿದ ಕೋಳಿಹಿಕ್ಕೆಯಿಂದ, ಚಿಪ್ಪಿನಲ್ಲಿರುವ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳ ಮೂಲಕವೋ ಮೊಟ್ಟೆ ಒಡೆಯುವಾಗಲೋ ಒಳಬರುವುದು ಒಂದು. ಇದನ್ನು ಊಹಿಸುವುದು ಸುಲಭ. ಇನ್ನೊಂದು ದಾರಿ ವಿಚಿತ್ರವಾದದ್ದು. ಸಾಲ್ಮೊನೆಲ್ಲಾ ಎಂಟೆರಿಟಿಡಿಸ್ ಎಂಬ ಬಗೆ ಕೋಳಿಯ ಅಂಡಾಶಯದಲ್ಲೇ ಬೀಡುಬಿಡಬಲ್ಲದು. ಅಂಥ ಕೋಳಿ ಆರೋಗ್ಯವಾಗಿಯೇ ಓಡಾಡಿಕೊಂಡಿರುತ್ತದೆ. ಆದರೆ ಅದರ ಮೊಟ್ಟೆಯೊಳಗೆ, ಚಿಪ್ಪು ಕಟ್ಟುವುದಕ್ಕೂ ಮೊದಲೇ, ಬ್ಯಾಕ್ಟೀರಿಯಾ ಸೇರಿಕೊಂಡಿರುತ್ತದೆ. ಹೀಗಾಗಿ ಚಿಪ್ಪನ್ನು ಎಷ್ಟು ತಿಕ್ಕಿ ತೊಳೆದರೂ, ಒಡೆದ ಮೊಟ್ಟೆ ನೋಡಲು ಎಷ್ಟು ತಾಜಾ ಕಂಡರೂ, ಅದರಿಂದ ಒಳಗಿನ ಸಂಗತಿ ತಿಳಿಯುವುದಿಲ್ಲ.

ಒಳಗೆ ಸೇರಿದ ಕೆಲವೇ ಜೀವಿಗಳು ತಕ್ಷಣ ಮೆರೆಯುವುದೂ ಇಲ್ಲ. ಮೊಟ್ಟೆಯ ಬಿಳಿ ಭಾಗ ಒಂದು ರೀತಿಯ ಕೋಟೆ. ಅದರಲ್ಲಿ ಬ್ಯಾಕ್ಟೀರಿಯಾದ ಗೋಡೆಯನ್ನು ಕರಗಿಸುವ ಲೈಸೋಜೈಮ್ ಇದೆ, ಅವುಗಳಿಗೆ ಬೇಕಾದ ಕಬ್ಬಿಣದ ಅಂಶವನ್ನು ಹಿಡಿದಿಟ್ಟು ಕೊಡದಿರುವ ಪ್ರೋಟೀನ್ ಇದೆ, ಜೊತೆಗೆ ಅದು ಕ್ಷಾರಗುಣದ್ದು. ಊಟ ತುಂಬಿರುವುದು ಹಳದಿ ಭಾಗದಲ್ಲಿ, ಅದರ ಸುತ್ತ ತೆಳುವಾದ ಪೊರೆ. ಮೊಟ್ಟೆ ಹಳತಾದಂತೆ, ಅದರಲ್ಲೂ ಸೆಕೆಯಲ್ಲಿ ಇಟ್ಟಾಗ, ಆ ಪೊರೆ ಸಡಿಲವಾಗುತ್ತದೆ; ಆಗ ಬ್ಯಾಕ್ಟೀರಿಯಾಕ್ಕೆ ಉಗ್ರಾಣದ ಬಾಗಿಲು ತೆರೆದ ಹಾಗೆ. ನಾವು ಕೇಕಿಗಾಗಿ ಮೊಟ್ಟೆಯನ್ನು ಗೊಟಾಯಿಸಿ ನೊರೆ ಬರಿಸುವಾಗ ಮಾಡುವುದೂ ಅದನ್ನೇ. ಕೋಟೆ, ಉಗ್ರಾಣ ಎರಡನ್ನೂ ಕಲಸಿ ಒಂದು ಮಾಡಿ, ಮೇಲೆ ಹಾಲು ಸಕ್ಕರೆಯನ್ನೂ ಸೇರಿಸುತ್ತೇವೆ. ನಾಲ್ಕು ಮೊಟ್ಟೆಗಳಲ್ಲಿ ಒಂದು ಕೆಟ್ಟದ್ದಿದ್ದರೂ ಇಡೀ ಪಾತ್ರೆಗೆ ಅದರ ಪಾಲು ಹಂಚಿಹೋಗುತ್ತದೆ.

ಈ ಸಮಸ್ಯೆಯನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆ ರೀತಿಯಲ್ಲಿ ಎದುರಿಸಿವೆ. ಬ್ರಿಟನ್ನಿನಲ್ಲಿ 1988ರ ಡಿಸೆಂಬರ್‌ನಲ್ಲಿ ಆರೋಗ್ಯ ಖಾತೆಯ ಕಿರಿಯ ಸಚಿವೆ ಎಡ್ವಿನಾ ಕರಿ ಅವರು ದೇಶದ ಮೊಟ್ಟೆ ಉತ್ಪಾದನೆಯ ಬಹುಪಾಲಿಗೆ ಸಾಲ್ಮೊನೆಲ್ಲಾ ತಗಲಿದೆ ಎಂಬ ಅರ್ಥದ ಮಾತನ್ನಾಡಿ, ಮೊಟ್ಟೆಯ ಮಾರಾಟ ದಿಢೀರನೆ ಕುಸಿದು, ಎರಡೇ ವಾರಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. ಹತ್ತು ವರ್ಷಗಳ ನಂತರ, 1998ರಲ್ಲಿ, ಲಸಿಕೆ ಹಾಕಿಸಿದ ಕೋಳಿಗಳ ಮೊಟ್ಟೆಗೆ ಕೆಂಪು ಸಿಂಹದ ಮುದ್ರೆ ಒತ್ತುವ ಪದ್ಧತಿ ಬಂತು. ಅದು ಎಷ್ಟು ಫಲ ಕೊಟ್ಟಿತೆಂದರೆ 2017ರ ಅಕ್ಟೋಬರ್‌ನಲ್ಲಿ ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ, ಸಿಂಹಮುದ್ರೆಯ ಮೊಟ್ಟೆಯನ್ನು ಗರ್ಭಿಣಿಯರೂ ಚಿಕ್ಕ ಮಕ್ಕಳೂ ಅರೆಬೆಂದ ರೂಪದಲ್ಲಿ, ಹಸಿಯಾಗಿ ಕೂಡ, ತಿನ್ನಬಹುದು ಎಂದು ತನ್ನ ಸಲಹೆಯನ್ನು ಬದಲಿಸಿತು. ಅಮೆರಿಕದವರು ಮೊಟ್ಟೆಯನ್ನು ತೊಳೆದು, ಸುಮಾರು 7 ಡಿಗ್ರಿಯ ತಂಪಿನಲ್ಲಿಟ್ಟು ಮಾರುತ್ತಾರೆ. ಆದರೂ 2010ರಲ್ಲಿ ಅಯೊವಾ ರಾಜ್ಯದ ಎರಡು ಫಾರ್ಮುಗಳಿಂದ ಹೋದ 50 ಕೋಟಿಗೂ ಹೆಚ್ಚು ಮೊಟ್ಟೆಗಳನ್ನು ಅಲ್ಲಿ ವಾಪಸು ಕರೆಸಬೇಕಾಯಿತು. ಲಂಡನ್ನಿನಲ್ಲಿರುವ ಮಗಳು ನಿಶ್ಚಿಂತೆಯಿಂದ ಮಾಡುವುದನ್ನು ದಾವಣಗೆರೆಯಲ್ಲಿರುವ ತಾಯಿ ಮಾಡುವಂತಿಲ್ಲ ಎನ್ನುವುದಕ್ಕೆ ಕಾರಣ ಇದು. ನಮ್ಮಲ್ಲಿ ಮೊಟ್ಟೆ ಸಾಮಾನ್ಯವಾಗಿ ರಟ್ಟಿನ ಟ್ರೇಗಳಲ್ಲಿ, ಅಂಗಡಿಯ ಮುಂದಿನ ಬಿಸಿಲ ಝಳದಲ್ಲಿ ಕುಳಿತಿರುತ್ತದೆ. ಕೊಯಮತ್ತೂರಿನ ಚಿಲ್ಲರೆ ಮಾರುಕಟ್ಟೆಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ ಮೊಟ್ಟೆಗಳಲ್ಲಷ್ಟೇ ಅಲ್ಲದೆ ಅವನ್ನಿಟ್ಟ ಟ್ರೇಗಳಲ್ಲೂ ಸಾಲ್ಮೊನೆಲ್ಲಾ ಸಿಕ್ಕಿತ್ತು.

ಹಿಟ್ಟು ಹಸಿ ಎಂಬುದೇ ನಮಗೆ ಹೊಳೆಯುವುದಿಲ್ಲ

ಮೈದಾ ಒಣಗಿದೆ, ಬೆಳ್ಳಗಿದೆ, ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕೆಡದೆ ಇರುತ್ತದೆ. ಹಾಗಾಗಿ ಅದನ್ನು ಉಪ್ಪು ಸಕ್ಕರೆಗಳ ಸಾಲಿಗೆ ಸೇರಿಸಿಬಿಡುತ್ತೇವೆ, ಸೊಪ್ಪು ಮಾಂಸಗಳ ಸಾಲಿಗಲ್ಲ. ಆದರೆ ಗೋಧಿ ಹೊಲದಲ್ಲಿ ಬೆಳೆದ ತೆನೆ. ಅದರ ಮೇಲೆ ಹಕ್ಕಿ ಕೂರುತ್ತದೆ, ನಡುವೆ ದನ ಓಡಾಡುತ್ತದೆ, ಬುಡಕ್ಕೆ ಗೊಬ್ಬರ ಬೀಳುತ್ತದೆ, ಕಾಲುವೆಯ ನೀರು ಹರಿಯುತ್ತದೆ, ಕೊಯ್ದ ಮೇಲೆ ಕಣ ಮತ್ತು ಗೋದಾಮುಗಳಲ್ಲಿ ಇಲಿಗಳ ಸಹವಾಸವೂ ಆಗುತ್ತದೆ. ಪ್ರಾಣಿಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಕಾಳಿನ ಮೇಲೆ ಬಂದು ಕೂರಲು ಇಷ್ಟು ಸಾಕು.

ಕಾರ್ಖಾನೆಯಲ್ಲಿ ಆಗುವುದೇನು? ಕಾಳನ್ನು ಶುಚಿ ಮಾಡುತ್ತಾರೆ. ಹೊಟ್ಟು ಸುಲಭವಾಗಿ ಬಿಡಲೆಂದು ನೀರು ಚಿಮುಕಿಸಿ ಕೆಲವು ಗಂಟೆ ಬಿಡುತ್ತಾರೆ. ರೋಲರ್‌ಗಳ ನಡುವೆ ನುರಿಸುತ್ತಾರೆ. ಜರಡಿ ಹಿಡಿದು ತೌಡನ್ನು ಬೇರೆ ಮಾಡಿ ಮೈದಾ ತೆಗೆಯುತ್ತಾರೆ. ಈ ಸಾಲಿನಲ್ಲಿ ಬೇಯಿಸುವ ಹಂತ ಎಲ್ಲಿಯೂ ಇಲ್ಲ. ಊರ ಗಿರಣಿಯಿಂದ ಹಿಟ್ಟು ಬಿಸಿಬಿಸಿಯಾಗಿ ಬರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಆ ಬಿಸಿ ಕೈಗೆ ತಾಳುವಷ್ಟರದು, ಬೇಗ ಆರಿಹೋಗುವಂಥದ್ದು, ಬ್ಯಾಕ್ಟೀರಿಯಾವನ್ನು ಕೊಲ್ಲುವುದಕ್ಕೆ ಅದು ಸಾಲದು. ಬೀಸುವುದರಿಂದ ಆಗುವ ಕೆಲಸ ಇನ್ನೊಂದಿದೆ: ಕೆಲವೇ ಕಾಳುಗಳ ಮೇಲಿದ್ದ ಕೊಳೆ ಇಡೀ ರಾಶಿಯೊಳಕ್ಕೆ ಹರಡಿಹೋಗುತ್ತದೆ.

ಒಣ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚುವುದಿಲ್ಲ, ಆದರೆ ಸಾಯುವುದೂ ಇಲ್ಲ. ಬೇಸಿಗೆಯಲ್ಲಿ ಒಣಗಿ ನೆಲದಡಿ ಉಳಿದ ಗರಿಕೆಯ ಬೇರಿನಂತೆ ಅವು ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುತ್ತವೆ. ನೀರು, ಹಾಲು, ಸಕ್ಕರೆ ಸಿಕ್ಕ ಕೂಡಲೇ ಚಿಗುರುತ್ತವೆ. ಕೇಕಿನ ಮಿಶ್ರಣ ಅವುಗಳ ಪಾಲಿನ ಮೊದಲ ಮಳೆ.

ಇಲ್ಲಿ ಎದುರಾಗುವ ಹೆಸರು ಇ. ಕೋಲಿ. ಅದರ ಬಹುತೇಕ ಬಗೆಗಳು ನಮ್ಮ ಕರುಳಿನಲ್ಲೇ ತಂಟೆಯಿಲ್ಲದೆ ಬದುಕಿವೆ. ಕೆಲವು ಬಗೆಗಳು ಮಾತ್ರ ಶೀಗಾ ಎಂಬ ವಿಷವನ್ನು ಉತ್ಪಾದಿಸುತ್ತವೆ. ಆಮಶಂಕೆಯ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದ ಜಪಾನಿನ ಕಿಯೋಶಿ ಶೀಗಾ ಅವರ ಹೆಸರು ಆ ವಿಷಕ್ಕೆ ಅಂಟಿಕೊಂಡಿದೆ. ದನಗಳ ಕರುಳಿನಲ್ಲಿ ಈ ಬಗೆಗಳು ಇದ್ದರೂ ದನಕ್ಕೆ ಏನೂ ಆಗುವುದಿಲ್ಲ. ಮನುಷ್ಯರಲ್ಲಿ ರಕ್ತಭೇದಿಯಾಗುತ್ತದೆ, ಕೆಲವರಲ್ಲಿ ಅದು ಮೂತ್ರಪಿಂಡದವರೆಗೂ ಹೋಗುತ್ತದೆ.

ಅಮೆರಿಕದಲ್ಲಿ ಹಿಟ್ಟು ಸಿಕ್ಕಿಬಿದ್ದ ಬಗೆ

ಹಿಟ್ಟಿನ ಮೇಲೆ ಅನುಮಾನ ಬಲವಾದದ್ದು 2009ರಲ್ಲಿ. ಅಮೆರಿಕದ 30 ರಾಜ್ಯಗಳಲ್ಲಿ 70ಕ್ಕೂ ಹೆಚ್ಚು ಜನ ಒ157 ಎಂಬ ಬಗೆಯ ಇ. ಕೋಲಿಯಿಂದ ಮಲಗಿದರು. ಸಾಮಾನ್ಯವಾಗಿ ಇಂಥ ಪ್ರಕರಣದಲ್ಲಿ ಅರೆಬೆಂದ ಗೋಮಾಂಸದ ಖೀಮಾ ಸಿಕ್ಕಿಬೀಳುತ್ತಿತ್ತು. ಈ ಬಾರಿ ರೋಗಿಗಳಲ್ಲಿ ಹುಡುಗಿಯರೂ ಯುವತಿಯರೂ ಹೆಚ್ಚು. ಏನು ತಿಂದಿರಿ ಎಂದು ಮತ್ತೆ ಮತ್ತೆ ಕೇಳಿದಾಗ ಸಿಕ್ಕ ಸಮಾನ ಉತ್ತರ, ಅಂಗಡಿಯಲ್ಲಿ ಸಿಗುವ ಕುಕ್ಕಿಯ ಹಸಿ ಮಿಶ್ರಣ. ಬೇಯಿಸಬೇಕಾದದ್ದನ್ನು ಅವರು ಡಬ್ಬಿಯಿಂದಲೇ ತಿಂದಿದ್ದರು. ಅದರ ಪದಾರ್ಥಗಳಲ್ಲಿ ಬಿಸಿಯ ಹಂತ ದಾಟದೆ ಬಂದದ್ದೆಂದು ತನಿಖೆಗಾರರ ಕಣ್ಣಿಗೆ ಬಿದ್ದದ್ದು ಹಿಟ್ಟು. ನೇರ ಸಾಕ್ಷ್ಯ ಮಾತ್ರ ಕೈಗೆ ಸಿಗಲಿಲ್ಲ. ಆದರೂ ತಯಾರಕರಾದ ನೆಸ್ಲೆ ಕಂಪನಿ ಮುಂದಿನ ವರ್ಷದಿಂದ ಬಿಸಿಯಲ್ಲಿ ಸಂಸ್ಕರಿಸಿದ ಹಿಟ್ಟನ್ನೇ ಬಳಸಲು ನಿರ್ಧರಿಸಿತು.

ಸಾಕ್ಷ್ಯ ಸಿಕ್ಕಿದ್ದು 2016ರಲ್ಲಿ. ಹಿಂದಿನ ಡಿಸೆಂಬರ್‌ನಿಂದ ಆರಂಭವಾಗಿ 24 ರಾಜ್ಯಗಳಲ್ಲಿ 63 ಜನ ಕಾಯಿಲೆ ಬಿದ್ದರು, 17 ಮಂದಿ ಆಸ್ಪತ್ರೆ ಸೇರಿದರು. ಈ ಬಾರಿ ಒ121 ಮತ್ತು ಒ26 ಎಂಬ ಬಗೆಗಳು. ರೋಗಿಗಳ ಮನೆಯಲ್ಲಿ ಉಳಿದಿದ್ದ ಹಿಟ್ಟಿನ ಚೀಲಗಳಿಂದ ಸಿಕ್ಕ ಬ್ಯಾಕ್ಟೀರಿಯಾದ ಮತ್ತು ರೋಗಿಗಳ ಮಲದಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಪೂರ್ಣ ಜೀನ್ ವಿನ್ಯಾಸವನ್ನು ತಾಳೆ ನೋಡಿದಾಗ, ಎರಡು ಬೆರಳಚ್ಚುಗಳು ಕೂಡುವಂತೆ ಅವು ಕೂಡಿದವು. ಚೀಲಗಳ ಜಾಡು ಮಿಸೌರಿಯ ಕ್ಯಾನ್ಸಸ್ ಸಿಟಿಯಲ್ಲಿದ್ದ ಜನರಲ್ ಮಿಲ್ಸ್ ಕಂಪನಿಯ ಗಿರಣಿಗೆ ಹೋಗಿ ಮುಟ್ಟಿತು. ಈ ಪ್ರಕರಣದಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಕಾಯಿಲೆ ಬಿದ್ದ ಕೆಲವು ಮಕ್ಕಳು ಏನನ್ನೂ ಬೇಯಿಸಲು ಹೊರಟವರಲ್ಲ. ಹೋಟೆಲಿನಲ್ಲಿ ಊಟ ಬರುವವರೆಗೆ ಆಡಿಕೊಳ್ಳಲಿ ಎಂದು ಕೊಟ್ಟ ಹಸಿ ಕಣಕವನ್ನು ಕೈಯಲ್ಲಿ ಹಿಡಿದು ಆಡಿದವರು. ಇನ್ನು, ಮೇ ತಿಂಗಳ ಕೊನೆಯಲ್ಲಿ ಹಿಟ್ಟನ್ನು ಅಂಗಡಿಗಳಿಂದ ವಾಪಸು ಪಡೆಯತೊಡಗಿದರೂ ಸೆಪ್ಟೆಂಬರ್‌ವರೆಗೆ ಹೊಸ ರೋಗಿಗಳು ಕಾಣಿಸಿಕೊಂಡರು. ಹಾಲಾದರೆ ಎರಡು ದಿನದಲ್ಲಿ ಮುಗಿಯುತ್ತದೆ, ಹಿಟ್ಟು ಕಪಾಟಿನ ಮೂಲೆಯಲ್ಲಿ ವರ್ಷವಿಡೀ ಇರುತ್ತದೆ.

2021ರಲ್ಲಿ ಬಂದದ್ದು ನೇರವಾಗಿ ಕೇಕಿನದೇ ಸರದಿ. ಅಂಗಡಿಯಲ್ಲಿ ಸಿಗುವ ಕೇಕ್ ಮಿಕ್ಸ್ ಪುಡಿಯಿಂದ ಕಲಸಿದ ಹಸಿ ಮಿಶ್ರಣವನ್ನು ನೆಕ್ಕಿದವರೂ ತಿಂದವರೂ ಸೇರಿದಂತೆ 12 ರಾಜ್ಯಗಳಲ್ಲಿ 16 ಮಂದಿಗೆ ಒ121 ತಗಲಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ಒಬ್ಬರಿಗೆ ಮೂತ್ರಪಿಂಡದ ತೊಡಕಾಯಿತು. ಪೆಟ್ಟಿಗೆಯಲ್ಲಿ ಬರುವ ಮಿಕ್ಸ್ ಎಂದರೆ ಹೇಗೋ ಸಿದ್ಧಪಡಿಸಿದ ಆಹಾರ ಎಂಬ ಭಾವನೆ ನಮಗೆ ಬರುತ್ತದೆ. ಅದು ಸಾಮಾನ್ಯವಾಗಿ ಹಿಟ್ಟು, ಸಕ್ಕರೆ, ಬೇಕಿಂಗ್ ಪೌಡರನ್ನು ಅಳೆದು ಬೆರೆಸಿಟ್ಟದ್ದು, ಅಷ್ಟೇ.

ಎಗ್‌ಲೆಸ್ ಕೇಕು ಮತ್ತು ಹಸಿ ವಾಸನೆ

ಕರ್ನಾಟಕದ ಎಷ್ಟೋ ಮನೆಗಳಲ್ಲಿ ಕೇಕ್ ಎಂದರೆ ಎಗ್‌ಲೆಸ್ ಕೇಕೇ. ಮೊಸರಿಗೆ ಅಡುಗೆ ಸೋಡಾ ಹಾಕಿ ನೊರೆ ಬರಿಸಿ, ಅದಕ್ಕೆ ಮೈದಾ ಅಥವಾ ಚಿರೋಟಿ ರವೆ ಕಲಸಿ ಮಾಡುವ ಈ ಕೇಕಿನಲ್ಲಿ ಸಾಲ್ಮೊನೆಲ್ಲಾದ ಒಂದು ದೊಡ್ಡ ದಾರಿ ಮುಚ್ಚಿರುತ್ತದೆ, ನಿಜ. ಹಿಟ್ಟಿನ ದಾರಿ ತೆರೆದೇ ಇರುತ್ತದೆ. ಮೊಸರಿನ ಹುಳಿ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತುಸು ತಡೆಯಬಹುದಾದರೂ, ಅದಕ್ಕೆ ಸೋಡಾ ಬಿದ್ದ ಗಳಿಗೆಯಲ್ಲೇ ಆ ಹುಳಿಯ ಬಹುಪಾಲು ಗುಳ್ಳೆಯಾಗಿ ಹೋಗಿರುತ್ತದೆ. ಆದ್ದರಿಂದ ಮೊಟ್ಟೆ ಇಲ್ಲದ ಮಿಶ್ರಣಕ್ಕೆ ಅಪಾಯ ಕಡಿಮೆ ಎನ್ನಬಹುದೇ ಹೊರತು ಅಪಾಯವಿಲ್ಲ ಎನ್ನಲಾಗದು.

ಹಸಿ ಹಿಟ್ಟನ್ನು ತಿನ್ನಬಾರದೆಂಬ ತಿಳಿವಳಿಕೆ ನಮ್ಮ ಅಡುಗೆಯಲ್ಲಿ ಬೇರೊಂದು ಮಾತಿನಲ್ಲಿ ಇದ್ದೇ ಇದೆ. "ಹಸಿ ವಾಸನೆ ಹೋಗುವ ತನಕ ಹುರಿ" ಎಂದು ಹೇಳಿಕೊಡದೆ ಯಾವ ಅಜ್ಜಿಯೂ ರವೆ ಉಂಡೆಯನ್ನಾಗಲಿ ಕಡಲೆಹಿಟ್ಟಿನ ಉಂಡೆಯನ್ನಾಗಲಿ ಕಲಿಸಿಲ್ಲ. ಹುರಿಹಿಟ್ಟಿನ ಹೆಸರಿನಲ್ಲೇ ಹುರಿಯುವಿಕೆ ಸೇರಿಕೊಂಡಿದೆ. ರುಚಿಗಾಗಿ, ಜೀರ್ಣಕ್ಕಾಗಿ ಹುಟ್ಟಿದ ಆ ಪದ್ಧತಿ ಬ್ಯಾಕ್ಟೀರಿಯಾವನ್ನೂ ಹದ್ದುಬಸ್ತಿನಲ್ಲಿಡುತ್ತ ಬಂದಿದೆ. ಇದಕ್ಕೆ ಅಪವಾದಗಳಿಲ್ಲದಿಲ್ಲ, ಅಕ್ಕಿಯನ್ನು ನೆನೆಸಿ, ಆರಿಸಿ, ಕುಟ್ಟಿದ ಹಿಟ್ಟಿಗೆ ಬೆಲ್ಲ ಸೇರಿಸಿ ತಂಬಿಟ್ಟಿನ ಆರತಿ ಮಾಡುವ ಮನೆಗಳೂ ಇವೆ. ಕೇಕು ಹೊರಗಿನಿಂದ ಬಂದ ತಿನಿಸು, ಅದರ ಹಸಿ ಮಿಶ್ರಣಕ್ಕೆ ಹಸಿ ವಾಸನೆಯೇ ಬರುವುದಿಲ್ಲ. ವೆನಿಲ್ಲಾ, ಕೋಕೋ, ಸಕ್ಕರೆ ಅದನ್ನು ಮುಚ್ಚಿಬಿಡುತ್ತವೆ. ಮೂಗು ಎಚ್ಚರಿಸದಿದ್ದರೆ ನಾಲಿಗೆ ಮುಂದಾಗುತ್ತದೆ.

ಒಂದು ಚಮಚಕ್ಕೆ ಎಷ್ಟು ಅಪಾಯ?

ಅಮೆರಿಕದಲ್ಲಿ ಬಹುಕಾಲದಿಂದ ಉಲ್ಲೇಖವಾಗುತ್ತಿರುವ ಒಂದು ಅಂದಾಜಿನಂತೆ ಸುಮಾರು 20,000 ಮೊಟ್ಟೆಗಳಲ್ಲಿ ಒಂದರೊಳಗೆ ಸಾಲ್ಮೊನೆಲ್ಲಾ ಇರಬಹುದು. ವಾರಕ್ಕೆ ನಾಲ್ಕು ಮೊಟ್ಟೆ ಬಳಸುವ ಮನೆಗೆ ವರ್ಷಕ್ಕೆ 208 ಮೊಟ್ಟೆ. ಈ ಲೆಕ್ಕದಲ್ಲಿ ಅಂಥ ಒಂದು ಮೊಟ್ಟೆ ಸಿಗಲು ಸರಾಸರಿ 96 ವರ್ಷ ಬೇಕು. ದಿನಕ್ಕೆ ಸಾವಿರ ಮೊಟ್ಟೆ ಒಡೆಯುವ ಬೇಕರಿಗೆ ಅದೇ ಮೊಟ್ಟೆ ಇಪ್ಪತ್ತು ದಿನಕ್ಕೊಮ್ಮೆ ಸಿಗುತ್ತದೆ. ಬಾಲ್ಯದಿಂದ ನೆಕ್ಕುತ್ತಾ ಬಂದಿದ್ದೇವೆ, ಏನೂ ಆಗಿಲ್ಲ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಸಣ್ಣ ಸಾಧ್ಯತೆ ಒಂದು ಮನೆಯ ಅನುಭವಕ್ಕೆ ಬಾರದೆ ಇಡೀ ಊರಿನ ಲೆಕ್ಕದಲ್ಲಿ ಮಾತ್ರ ಕಾಣಿಸುತ್ತದೆ. ತೊಳೆದು ತಂಪಿನಲ್ಲಿಟ್ಟ ಮೊಟ್ಟೆಗಳ ದೇಶದ ಈ ಅಂಕಿಯನ್ನು ನಮ್ಮ ಮೂಲೆಯಂಗಡಿಯ ಟ್ರೇಗೆ ಹಾಗೆಯೇ ಅನ್ವಯಿಸುವಂತಿಲ್ಲ ಎಂಬುದನ್ನೂ ಮರೆಯಬಾರದು.

ಬೆರಳ ತುದಿಯಷ್ಟು ಮಿಶ್ರಣದಲ್ಲಿ ಎಷ್ಟು ಬ್ಯಾಕ್ಟೀರಿಯಾ ಇದ್ದೀತು ಎಂಬ ಸಮಾಧಾನವೂ ಪೂರ್ತಿ ನಿಲ್ಲುವುದಿಲ್ಲ. ಶೀಗಾ ವಿಷದ ಇ. ಕೋಲಿ ನೂರಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಹೊಟ್ಟೆ ಸೇರಿದರೂ ಕಾಯಿಲೆ ತರಬಲ್ಲದು. ಸಾಲ್ಮೊನೆಲ್ಲಾಕ್ಕೆ ಸಾಮಾನ್ಯವಾಗಿ ಅದಕ್ಕಿಂತ ಬಹಳ ಹೆಚ್ಚಿನ ಸಂಖ್ಯೆ ಬೇಕು, ಏಕೆಂದರೆ ಜಠರದ ಆಮ್ಲ ಬಹಳಷ್ಟನ್ನು ಸುಟ್ಟುಹಾಕುತ್ತದೆ. ಆದರೆ ಕೊಬ್ಬಿನಂಶ ಹೆಚ್ಚಿರುವ ಆಹಾರದಲ್ಲಿ ಅವು ಜಿಡ್ಡಿನ ಮರೆಯಲ್ಲಿ ಆಮ್ಲವನ್ನು ದಾಟಿಬಿಡುತ್ತವೆ ಎಂದು ತಜ್ಞರು ಭಾವಿಸುತ್ತಾರೆ. 1994ರಲ್ಲಿ ಅಮೆರಿಕದಲ್ಲಿ ಹಸಿ ಮೊಟ್ಟೆಯ ದ್ರವ ಸಾಗಿಸಿದ್ದ ಟ್ಯಾಂಕರಿನಲ್ಲೇ ಪಾಶ್ಚರೀಕರಿಸಿದ ಐಸ್‌ಕ್ರೀಮ್ ಮಿಶ್ರಣವನ್ನು ಸಾಗಿಸಿದ್ದರಿಂದ ಸುಮಾರು 2,24,000 ಜನ ಕಾಯಿಲೆ ಬಿದ್ದರೆಂದು ಅಂದಾಜಾಯಿತು. ಆ ಐಸ್‌ಕ್ರೀಮಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಪ್ರಮಾಣ ಬಹಳ ಕಡಿಮೆ ಇತ್ತು. ಬೆಣ್ಣೆ ತುಂಬಿದ ಕೇಕಿನ ಮಿಶ್ರಣವೂ ಅದೇ ಜಾತಿಯ ಆಹಾರ.

ಸಾಧ್ಯತೆ ಸಣ್ಣದಾದರೂ ಅದು ಬೀಳುವುದು ಯಾರ ಮೇಲೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಒ157 ಸೋಂಕಾದವರಲ್ಲಿ ನೂರಕ್ಕೆ ಸುಮಾರು 5ರಿಂದ 10 ಮಂದಿಗೆ ಹೀಮೊಲಿಟಿಕ್ ಯುರೀಮಿಕ್ ಸಿಂಡ್ರೋಮ್ ಎಂಬ ತೊಡಕು ಬರುತ್ತದೆ. ವಿಷವು ರಕ್ತನಾಳಗಳ ಒಳಗೋಡೆಯನ್ನು ಕೆಡಿಸಿ, ಅಲ್ಲಿ ಸಣ್ಣ ಹೆಪ್ಪುಗಳಾಗಿ, ಹಾದುಹೋಗುವ ಕೆಂಪು ರಕ್ತಕಣಗಳು ಒಡೆದು, ಮೂತ್ರಪಿಂಡದ ಸೂಕ್ಷ್ಮ ಜರಡಿ ಕಟ್ಟಿಕೊಳ್ಳುತ್ತದೆ. ಇದು ಹೆಚ್ಚಾಗಿ ಕಾಡುವುದು ಐದು ವರ್ಷದೊಳಗಿನ ಮಕ್ಕಳನ್ನು. ಪಾತ್ರೆ ನೆಕ್ಕಲು ಮೊದಲು ಓಡಿಬರುವವರೂ ಅವರೇ. ಗರ್ಭಿಣಿಯರು, ವೃದ್ಧರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮತ್ತು ಬೇರೆ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದವರು ಸಾಲ್ಮೊನೆಲ್ಲಾದ ವಿಷಯದಲ್ಲೂ ಹೆಚ್ಚು ಜಾಗ್ರತೆ ವಹಿಸಬೇಕಾದವರು.

ಓವನ್ನು, ಕುಕ್ಕರು, ಮಗ್ಗು

ಬೆಂದ ಮೇಲೆ ಇದಾವುದರ ಚಿಂತೆಯೂ ಇಲ್ಲ. ಮೊಟ್ಟೆ ಸೇರಿದ ಅಡುಗೆಯ ನಡುಭಾಗ 71 ಡಿಗ್ರಿ ಮುಟ್ಟಿದರೆ ಸಾಕು ಎಂಬುದು ಅಮೆರಿಕದ ಆಹಾರ ಇಲಾಖೆಗಳ ನಿಯಮ. ಚೆನ್ನಾಗಿ ಬೆಂದ ಕೇಕಿನ ನಡುಭಾಗ 90 ಡಿಗ್ರಿಯನ್ನು ದಾಟಿರುತ್ತದೆ. ಗ್ಯಾಸ್ಕೆಟ್ಟು, ವಿಶಲ್ಲು ತೆಗೆದು, ತಳಕ್ಕೆ ಉಪ್ಪು ಅಥವಾ ಮರಳು ಹಾಕಿದ ಕುಕ್ಕರಿನಲ್ಲಿ ಬೇಯಿಸಿದ ಕೇಕಿಗೂ ಇದೇ ಮಾತು ಸಲ್ಲುತ್ತದೆ. ಚುಚ್ಚಿದ ಕಡ್ಡಿಗೆ ಹಸಿ ಅಂಟದೆ ಬಂದರೆ ಬಿಸಿ ಒಳಗೆ ತಲುಪಿದೆ ಎಂದರ್ಥ. ಕಡ್ಡಿಯನ್ನು ನಡುವೆಯೇ ಚುಚ್ಚಬೇಕು, ಅಂಚಿನಲ್ಲಿ ಅಲ್ಲ. ಮೈಕ್ರೋವೇವಿನಲ್ಲಿ ಎರಡು ನಿಮಿಷಕ್ಕೆ ಆಗುವ ಮಗ್ ಕೇಕಿನಲ್ಲಿ ಬಿಸಿ ಒಂದೇ ಸಮ ಹರಡುವುದಿಲ್ಲ, ಒಂದು ಮಗ್ಗುಲು ರಬ್ಬರಿನಂತಾಗಿ ಇನ್ನೊಂದು ಹಸಿಯಾಗಿಯೇ ಉಳಿಯಬಹುದು. ಒಳಗೆ ಹರಿಯುವ ಲಾವಾ ಕೇಕಿನ ಹರಿಯುವ ಭಾಗವೂ, ಅದನ್ನು ಬೇಕೆಂದೇ ಬೇಯಿಸದೆ ಬಿಟ್ಟಿದ್ದರೆ, ಹಸಿ ಮಿಶ್ರಣವೇ.

ಹಿಟ್ಟನ್ನೇ ಮೊದಲು ಬಿಸಿ ಮಾಡಿಕೊಂಡರೆ?

ಕುಕ್ಕಿಯ ಹಸಿ ಮಿಶ್ರಣ ಸೇರಿದ ಐಸ್‌ಕ್ರೀಮು, ಹಾಗೆಯೇ ತಿನ್ನಲೆಂದು ಮಾರುವ ಡಬ್ಬಿಗಳು ಇವೆಯಲ್ಲ ಎಂಬ ಪ್ರಶ್ನೆ ಸಹಜ. ಅವನ್ನು ಮಾಡುವವರು ಕಾರ್ಖಾನೆಯಲ್ಲಿ ಬಿಸಿಯಿಂದ ಸಂಸ್ಕರಿಸಿದ ಹಿಟ್ಟನ್ನೂ ಪಾಶ್ಚರೀಕರಿಸಿದ ಮೊಟ್ಟೆಯನ್ನೂ ಬಳಸುತ್ತಾರೆ, ಇಲ್ಲವೇ ಮೊಟ್ಟೆಯನ್ನೇ ಬಿಡುತ್ತಾರೆ. ಅದನ್ನು ನೋಡಿ ಮನೆಯಲ್ಲೂ ಮೈದಾವನ್ನು ಓವನ್ನಿನಲ್ಲಿ ಐದು ನಿಮಿಷ ಇಟ್ಟು 'ಸುರಕ್ಷಿತ' ಮಾಡಿಕೊಳ್ಳುವ ಸಲಹೆಗಳು ಅಂತರ್ಜಾಲದಲ್ಲಿ ಹರಿದಾಡುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಇದನ್ನು ಒಪ್ಪುವುದಿಲ್ಲ. ಒದ್ದೆಯಾದ ಮಿಶ್ರಣದಲ್ಲಿ 71 ಡಿಗ್ರಿಗೆ ಬೇಗ ಸಾಯುವ ಬ್ಯಾಕ್ಟೀರಿಯಾ ಒಣಗಿದ ಸ್ಥಿತಿಯಲ್ಲಿ ಅದೇ ಬಿಸಿಯನ್ನು ಬಹಳ ಹೊತ್ತು ತಾಳಿಕೊಳ್ಳುತ್ತದೆ. ಜೊತೆಗೆ ಹಿಟ್ಟಿನ ರಾಶಿಯೊಳಗೆ ಶಾಖ ನಿಧಾನವಾಗಿ, ಅಸಮವಾಗಿ ಇಳಿಯುತ್ತದೆ. ಮೇಲೆ ಕಂದಿದರೂ ನಡುವೆ ಬೆಚ್ಚಗಷ್ಟೇ ಆಗಿರಬಹುದು. ಕಡಲೆಹಿಟ್ಟನ್ನು ತುಪ್ಪದಲ್ಲಿ ಕೈಬಿಡದೆ ಕೆದಕುತ್ತ, ಬಣ್ಣ ತಿರುಗಿ ಘಮ್ಮೆನ್ನುವವರೆಗೆ ಹುರಿಯುವುದಕ್ಕೂ, ಮೈದಾ ಬೆಳ್ಳಗೇ ಉಳಿಯಲಿ ಎಂದು ತುಸು ಬಿಸಿ ತೋರಿಸುವುದಕ್ಕೂ ಹೋಲಿಕೆಯಿಲ್ಲ.

ಮಕ್ಕಳಿಗೆ ಏನನ್ನಾದರೂ ನೆಕ್ಕಲು ಕೊಡಲೇಬೇಕಿದ್ದರೆ ಕೆಲಸದ ಅನುಕ್ರಮವನ್ನು ಬಳಸಿಕೊಳ್ಳಬಹುದು. ಬೆಣ್ಣೆ, ಸಕ್ಕರೆಯನ್ನು ನಾದಿ ಹಗುರ ಮಾಡುವ ಹಂತದಲ್ಲಿ, ಮೊಟ್ಟೆಯೂ ಹಿಟ್ಟೂ ಬೀಳುವುದಕ್ಕೆ ಮೊದಲೇ, ಒಂದು ಚಮಚ ತೆಗೆದು ಬೇರೆ ಬಟ್ಟಲಲ್ಲಿ ಕೋಕೋ ಮತ್ತು ಒಂದಿಷ್ಟು ಕಂಡೆನ್ಸ್ಡ್ ಮಿಲ್ಕ್ ಬೆರೆಸಿ ಕೊಟ್ಟರೆ ರುಚಿಯಲ್ಲಿ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ.

ಅಡುಗೆಕಟ್ಟೆಯ ಮೇಲೆ

ಹಿಟ್ಟು ದೂಳಿನಂತೆ ಹಾರುವ ಪದಾರ್ಥ. ಜರಡಿ ಹಿಡಿಯುವಾಗ ಪಕ್ಕದಲ್ಲಿ ಹೆಚ್ಚಿಟ್ಟ ಹಣ್ಣು, ತೆರೆದಿಟ್ಟ ಸಲಾಡು ಇರದಂತೆ ನೋಡಿಕೊಳ್ಳಬೇಕು. ಕೆಲಸವಾದ ಮೇಲೆ ಕೈ, ಪಾತ್ರೆ, ಕಟ್ಟೆ ಮೂರನ್ನೂ ಸೋಪು ಹಾಕಿ ತೊಳೆಯಬೇಕು. ಉಪ್ಪು ನೀರು ಹಾಕಿ ಮನೆಯಲ್ಲೇ ಮಾಡಿಕೊಡುವ ಆಟದ ಕಣಕವೂ ಹಸಿ ಹಿಟ್ಟೇ ಆದ್ದರಿಂದ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ಅದು ಬೇಡ. ಮೊಟ್ಟೆಯನ್ನು ತಂದ ಕೂಡಲೇ ತೊಳೆದಿಡುವ ಅಭ್ಯಾಸ ಒಳ್ಳೆಯದೆನಿಸಿದರೂ, ತೊಳೆದಾಗ ಚಿಪ್ಪಿನ ಮೇಲಿನ ನೈಸರ್ಗಿಕ ಲೇಪ ಹೋಗಿ, ಒದ್ದೆಯಾದ ರಂಧ್ರಗಳ ಮೂಲಕ ಕೊಳೆ ಒಳಗಿಳಿಯುವುದು ಸುಲಭವಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಫ್ರಿಜ್ಜಿನಲ್ಲಿಟ್ಟು, ತೊಳೆಯುವುದಿದ್ದರೆ ಒಡೆಯುವ ಮುನ್ನ ತೊಳೆಯುವುದು ಮೇಲು. ಕಲಸಿದ ಮಿಶ್ರಣವನ್ನು ತಕ್ಷಣ ಬೇಯಿಸಲಾಗದಿದ್ದರೆ ಅದರ ಜಾಗವೂ ಫ್ರಿಜ್ಜೇ. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೂ ಆಶ್ಚರ್ಯವಿಲ್ಲ.

ತಿಂದಾಗಿದೆ, ಈಗೇನು?

ನೆಕ್ಕಿದ ಮಾತ್ರಕ್ಕೆ ಮಾತ್ರೆ ನುಂಗುವ, ವಾಂತಿ ಮಾಡಿಸುವ ಅಗತ್ಯವಿಲ್ಲ. ಗಮನಿಸುತ್ತಿದ್ದರೆ ಸಾಕು. ಸಾಲ್ಮೊನೆಲ್ಲಾ ಆಗಿದ್ದರೆ ಲಕ್ಷಣಗಳು 6 ಗಂಟೆಯಿಂದ 6 ದಿನದೊಳಗೆ ಕಾಣಿಸಿ, ಬಹುತೇಕರಲ್ಲಿ 4ರಿಂದ 7 ದಿನಗಳಲ್ಲಿ ತಾನಾಗಿ ಇಳಿಯುತ್ತವೆ. ಆ ದಿನಗಳಲ್ಲಿ ಮುಖ್ಯವಾದದ್ದು ಮೈಯ ನೀರು ಬತ್ತದಂತೆ ಓಆರ್‌ಎಸ್ ಕುಡಿಸುತ್ತಿರುವುದು. ಮಲದಲ್ಲಿ ರಕ್ತ, ಇಳಿಯದ ಜ್ವರ, ನೀರೂ ನಿಲ್ಲದಷ್ಟು ವಾಂತಿ ಕಂಡರೆ ವೈದ್ಯರ ಬಳಿ ಹೋಗಬೇಕು. ಮಗು ಬಿಳಿಚಿಕೊಂಡರೆ, ಮೂತ್ರ ಕಡಿಮೆಯಾದರೆ, ಮುಖ ಅಥವಾ ಕಾಲು ಊದಿಕೊಂಡರೆ ತಡಮಾಡದೆ ಹೋಗಬೇಕು. ರಕ್ತಭೇದಿ ಇರುವಾಗ ಭೇದಿ ನಿಲ್ಲಿಸುವ ಮಾತ್ರೆಯನ್ನಾಗಲಿ ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಅನ್ನಾಗಲಿ ತಾವಾಗಿ ಕೊಡಬಾರದು, ಏಕೆಂದರೆ ಶೀಗಾ ವಿಷದ ಇ. ಕೋಲಿಯಲ್ಲಿ ಅವು ಮೂತ್ರಪಿಂಡದ ತೊಡಕನ್ನು ಹೆಚ್ಚಿಸುವ ಸಾಧ್ಯತೆ ಇದೆ.

ಈ ಇ. ಕೋಲಿಯ ಲಕ್ಷಣಗಳು ಸಾಮಾನ್ಯವಾಗಿ ತಿಂದ ಮೂರು ನಾಲ್ಕು ದಿನಗಳ ನಂತರ ಶುರುವಾಗುತ್ತವೆ. ಅಷ್ಟು ಹೊತ್ತಿಗೆ ಹುಟ್ಟುಹಬ್ಬದ ಕೇಕು ಮುಗಿದಿರುತ್ತದೆ, ಪಾತ್ರೆ ತೊಳೆದಾಗಿರುತ್ತದೆ, ಹಿಂದಿನ ರಾತ್ರಿಯ ಹೋಟೆಲ್ ಊಟದ ಮೇಲೆ ಎಲ್ಲರ ಅನುಮಾನ ಹೋಗಿರುತ್ತದೆ. ಏನು ತಿಂದಿರಿ ಎಂದು ವೈದ್ಯರು ಕೇಳಿದಾಗ ಒಂದು ವಾರ ಹಿಂದಕ್ಕೆ ನೆನಪು ಮಾಡಿಕೊಂಡು, ಮಗು ಭಾನುವಾರ ಕೇಕಿನ ಪಾತ್ರೆ ನೆಕ್ಕಿತ್ತು ಎಂಬುದನ್ನೂ ಹೇಳಬೇಕು. ಕಪಾಟಿನಲ್ಲಿ ಉಳಿದ ಹಿಟ್ಟಿನ ಪ್ಯಾಕೆಟ್ಟನ್ನು ಆಗಲೇ ಎಸೆಯದೆ ಬಾಯಿ ಕಟ್ಟಿ ಇಟ್ಟಿರಬೇಕು.